ಗಾಯಗೊಂಡವನಿಗೆ ರೇಷ್ಮೆ

ರಾಯಚೂರು ಕೋಟೆಯ ಕಲ್ಲಿಗೆ 1520ರಲ್ಲಿ ದರ ಕಟ್ಟಲಾಗಿತ್ತು. ಮೇಲಿಂದ ಸುರಿಯುವ ಬಾಣ, ಗುಂಡುಗಳ ನಡುವೆ ಗೋಡೆಯ ಬುಡಕ್ಕೆ ನುಗ್ಗಿ, ಹಾರೆ ಗುದ್ದಲಿ ಹಾಕಿ ಕಲ್ಲು ಕಿತ್ತು ತಂದ ಸಿಪಾಯಿಗೆ ಕೃಷ್ಣದೇವರಾಯನ ನಾಯಕರು ಹಣ ಎಣಿಸುತ್ತಿದ್ದರು. ಕಲ್ಲಿನ ಗಾತ್ರ ನೋಡಿ 10 ಹಣ, 20, 30. ತೀರ ದೊಡ್ಡದಾದರೆ 50. ಸಾವಿನ ಬಾಯಿಗೆ ಮನುಷ್ಯನನ್ನು ಕಳಿಸಲು ಬರೀ ಅಪ್ಪಣೆ ಸಾಲದು, ಆಸೆಯೂ ಬೇಕು ಎಂಬುದು ಆ ನಾಯಕರಿಗೆ ಚೆನ್ನಾಗಿ ತಿಳಿದಿತ್ತು.

ಇದನ್ನು ಬರೆದಿಟ್ಟವನು ಫೆರ್ನಾಂವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. 1535ರ ಸುಮಾರಿಗೆ ವಿಜಯನಗರದಲ್ಲಿದ್ದವನು. ರಾಯಚೂರಿನ ಕಾಳಗವನ್ನು ಅವನಷ್ಟು ವಿವರವಾಗಿ ಬರೆದವರು ಇನ್ನೊಬ್ಬರಿಲ್ಲ. ಅದೇ ಬರಹದ ಇನ್ನೊಂದು ಮೂಲೆಯಲ್ಲಿ, ಮಹಾನವಮಿಯ ಹಬ್ಬದಲ್ಲಿ ರಾಯನ ಎದುರು ಕಾದುತ್ತಿದ್ದ ಜಟ್ಟಿಗಳ ಬಗ್ಗೆಯೂ ಕೆಲವು ಸಾಲುಗಳಿವೆ. ಇತಿಹಾಸಕಾರರು ಕಾಳಗದ ಪುಟಗಳನ್ನು ಮತ್ತೆ ಮತ್ತೆ ಓದಿದ್ದಾರೆ. ಜಟ್ಟಿಗಳ ಸಾಲುಗಳ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದವರೇ ಹೆಚ್ಚು. ಹಣಕ್ಕಾಗಿ ಗುದ್ದಾಡುವವನ ದೊಡ್ಡತನ ಯಾವುದು, ಅವನನ್ನು ನೋಡಲು ಬರುವ ಜನರ ದುಡ್ಡಿಗೂ ಆ ದೊಡ್ಡತನಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಬಾಕ್ಸಿಂಗ್ ಜಗತ್ತು ಇವತ್ತಿಗೂ ಕೇಳಿಕೊಳ್ಳುತ್ತಿದೆ. ಆ ಪ್ರಶ್ನೆಗೆ ನಮ್ಮ ನೆಲದ ಉತ್ತರವೊಂದು ಆ ಸಾಲುಗಳಲ್ಲಿದೆ ಎಂದು ನಾನು ನಂಬಿದ್ದೇನೆ.

ಮೊದಲು ಕಾಳಗದ ಮಾತು. ಉತ್ತರಕ್ಕೆ ದೇವದುರ್ಗದ ಕಡೆ ಕೃಷ್ಣೆ, ದಕ್ಷಿಣಕ್ಕೆ ಮಾನ್ವಿಯ ಕಡೆ ತುಂಗಭದ್ರೆ. ಇವೆರಡರ ನಡುವಿನ ಎಡೆದೊರೆನಾಡಿಗಾಗಿ ಬಹಮನಿಗಳೂ ವಿಜಯನಗರದವರೂ, ಆಮೇಲೆ ಬಿಜಾಪುರದವರೂ ತಲೆಮಾರುಗಳ ಕಾಲ ಬಡಿದಾಡಿದರು. ಆ ನಾಡಿನ ಬೀಗದ ಕೈ ರಾಯಚೂರು ಕೋಟೆ. 1520ರ ಮೇ 19ರಂದು ಕಾಳಗ ನಡೆಯಿತೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ತೋಪುಗಳು ಒಮ್ಮೆಲೇ ಗರ್ಜಿಸಿದಾಗ ವಿಜಯನಗರದ ಮುಂಚೂಣಿ ಒಡೆದು ಹಿಂದಕ್ಕೆ ಓಡಿ ಬಂತು. ಆ ಹೊತ್ತಿಗೆ ರಾಯ ತನ್ನ ಬೆರಳಿನ ಉಂಗುರ ತೆಗೆದು ಹುಡುಗನೊಬ್ಬನ ಕೈಗೆ ಕೊಟ್ಟ, ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸಲೆಂದು. ಆಮೇಲೆ ಕುದುರೆ ಏರಿ ತಾನೇ ಮುನ್ನುಗ್ಗಿದ. ಸಂಜೆಯ ಹೊತ್ತಿಗೆ ಆದಿಲ್ ಶಾಹನ ಸೈನ್ಯ ಕೃಷ್ಣೆಯ ನೀರಿನಲ್ಲಿತ್ತು.

ಕಾಳಗ ಗೆದ್ದರೂ ಕೋಟೆ ಬಿದ್ದಿರಲಿಲ್ಲ. ಆಗ ಬಂದವನು ಕ್ರಿಸ್ತೊವಾಂವ್ ದೆ ಫಿಗೆರೆದೊ. ಇವನೂ ಕುದುರೆ ಮಾರಲು ಬಂದವನೇ. ಜೊತೆಗೆ ಕೋವಿ ಹಿಡಿದ 20 ಮಂದಿ ಪೋರ್ಚುಗೀಸರು. ಗೋಡೆಯ ಮೇಲೆ ತಲೆ ತೋರಿದವರನ್ನು ಇವರು ಕೆಳಗಿನಿಂದಲೇ ಹೊಡೆದು ಉರುಳಿಸತೊಡಗಿದರು. ಮೇಲಿನವರು ಅಡಗಿದಂತೆ ಬುಡದಲ್ಲಿ ಕಲ್ಲು ಕೀಳುವವರ ಕೈ ಬಿರುಸಾಯಿತು. ಕಡೆಗೆ ಕೋಟೆಯ ಅಧಿಕಾರಿಯೇ ಇಣುಕಿ ನೋಡಲು ಬಂದು ಹಣೆಗೆ ಗುಂಡು ಬಿದ್ದು ಸತ್ತ. ಕೋಟೆ ಶರಣಾಯಿತು.

ಇದೇ ಫಿಗೆರೆದೊನ ಬಳಗದಲ್ಲಿ ದೊಮಿಂಗೊ ಪಯೇಸ್ ಎಂಬ ಇನ್ನೊಬ್ಬ ಪೋರ್ಚುಗೀಸನಿದ್ದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅವರೆಲ್ಲ ವಿಜಯನಗರದಲ್ಲಿ ಕೃಷ್ಣದೇವರಾಯನ ಅತಿಥಿಗಳಾಗಿ ಮಹಾನವಮಿಯ ಒಂಬತ್ತು ದಿನಗಳ ಹಬ್ಬ ನೋಡಿದರು. ಇವತ್ತು ಹಂಪಿಗೆ ಹೋದವರು ಹತ್ತಿ ನಿಲ್ಲುವ ಮಹಾನವಮಿ ದಿಬ್ಬವೇ ಆ ಹಬ್ಬದ ಅಂಗಳ. ಅದರ ಪಾಯದ ಸುತ್ತಲಿನ ಕಲ್ಲಿನ ಪಟ್ಟಿಗಳಲ್ಲಿ ಆನೆ, ಕುದುರೆ, ಬೇಟೆ, ಕುಣಿತಗಳ ನಡುವೆ ಮಲ್ಲರ ಜೋಡಿಗಳೂ ಇವೆ. ನೋಡಿಕೊಂಡು ಬರಬೇಕಾದವು.

ಪಯೇಸ್ ಕಂಡದ್ದು ಹೀಗೆ. ಮೊದಲು ನರ್ತಕಿಯರ ಕುಣಿತ, ಆಮೇಲೆ ಜಟ್ಟಿಗಳ ಕಾಳಗ, ಕತ್ತಲಾದ ಮೇಲೆ ದೀವಟಿಗೆಗಳ ಬೆಳಕಿನಲ್ಲಿ ಬೇರೆ ಆಟಗಳು. ಜಟ್ಟಿಗಳದು ತನ್ನ ದೇಶದ ಕುಸ್ತಿಯಂತಲ್ಲ ಎಂದು ಅವನು ಬೆರಗಾಗುತ್ತಾನೆ. ಹೊಡೆತಗಳ ಬಿರುಸಿಗೆ ಹಲ್ಲು ಮುರಿಯುತ್ತವೆ, ಕಣ್ಣು ಹೋಗುತ್ತದೆ, ಮುಖದ ಗುರುತು ಸಿಗದಂತಾಗುತ್ತದೆ. ಮಾತು ನಿಂತವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಾರೆ. ಮಧ್ಯೆ ಮಧ್ಯೆ ಒಳ್ಳೆಯ ಎತ್ತಿ ಕೆಡಹುವ ಪಟ್ಟುಗಳೂ ಬೀಳುತ್ತವೆ. ಅವರಿಗೆ ನಾಯಕರಿದ್ದಾರೆ, ತೀರ್ಪುಗಾರರಿದ್ದಾರೆ. ಆ ತೀರ್ಪುಗಾರರ ಕೆಲಸ ಎರಡು: ಕಣದಲ್ಲಿ ಇಬ್ಬರನ್ನೂ ಸಮಬಲರನ್ನಾಗಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುವಂತೆ ನೋಡುವುದು. ಲಂಡನ್ನಿನಲ್ಲಿ ಜ್ಯಾಕ್ ಬ್ರೌಟನ್ ಮುಷ್ಟಿಯುದ್ಧಕ್ಕೆ ಮೊದಲ ಲಿಖಿತ ನಿಯಮಗಳನ್ನು ತಂದದ್ದು 1743ರಲ್ಲಿ, ಅಂದರೆ ಇದಾಗಿ 200ಕ್ಕೂ ಹೆಚ್ಚು ವರ್ಷಗಳ ಮೇಲೆ.

ನೂನಿಜ್ ಇನ್ನಷ್ಟು ಹೇಳುತ್ತಾನೆ. ಈ ಹಬ್ಬಕ್ಕೆಂದೇ ರಾಯನ ಬಳಿ ಸಾವಿರ ಜಟ್ಟಿಗಳಿದ್ದರು. ರಾಜ್ಯದಲ್ಲಿ ಅವರಿಗೆ ಬೇರೆ ಯಾವ ಊಳಿಗವೂ ಇರಲಿಲ್ಲ. ಕೈಯಲ್ಲಿ ಮೊನೆಗಳುಳ್ಳ ಬಳೆಯಂಥ ಆಯುಧ ಹಿಡಿದು ಒಬ್ಬರನ್ನೊಬ್ಬರು ಗುದ್ದಿ ಗಾಯಗೊಳಿಸುತ್ತಿದ್ದರು. ಮುಂದೆ ಮೈಸೂರಿನವರು ವಜ್ರಮುಷ್ಟಿ ಎಂದು ಕರೆದದ್ದರ ಹಿಂದಿನ ರೂಪ ಇದೇ ಎಂದು ಓದಿದವರಿಗೆ ಕೂಡಲೇ ಹೊಳೆಯುತ್ತದೆ. ಕಾಳಗ ಮುಗಿದ ಮೇಲೆ, ಇಬ್ಬರಲ್ಲಿ ಯಾರಿಗೆ ಹೆಚ್ಚು ಗಾಯವಾಗಿದೆಯೋ ಅವನು ಹೋಗಿ ರಾಯನಿಂದ ರೇಷ್ಮೆ ವಸ್ತ್ರ ಪಡೆಯುತ್ತಿದ್ದ.

ಹೆಚ್ಚು ಗಾಯವಾದವನು! ನೂನಿಜ್ ಸರಿಯಾಗಿ ಕಂಡು ಬರೆದಿದ್ದರೆ, ಹಣದ ಕಾಳಗಗಳ ಇತಿಹಾಸದಲ್ಲಿ ಇಂಥ ನಿಯಮವನ್ನು ನಾನು ಬೇರೆಲ್ಲೂ ಓದಿಲ್ಲ. ಪಯೇಸನ ಪ್ರಕಾರ ಗೆದ್ದವನಿಗೆ ಮರ್ಯಾದೆ, ನೂನಿಜನ ಪ್ರಕಾರ ನೊಂದವನಿಗೆ ರೇಷ್ಮೆ. ಇವೆರಡನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ನನಗೆ ಕಾಣುವುದು ಇದು: ಕಣದೊಳಗೆ ಇಬ್ಬರೂ ಸಮಬಲರಾಗಿದ್ದರೆ ಸೋತವನೂ ಚಿಕ್ಕವನಲ್ಲ ಎಂದು ಆ ಆಸ್ಥಾನಕ್ಕೆ ಗೊತ್ತಿತ್ತು. ದೊಡ್ಡತನ ಹುಟ್ಟುವುದು ಸರಿಯಾದ ಜೋಡಿಯಲ್ಲಿ. ಜೋಡಿ ಕಟ್ಟುವ ಕೈ ಯಾರದು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಈ ತಿಳಿವಳಿಕೆ ವಿಜಯನಗರದವರು ಹೊಸದಾಗಿ ಕಂಡುಕೊಂಡದ್ದಲ್ಲ. ಅದಕ್ಕೂ ನಾಲ್ಕು ಶತಮಾನ ಹಿಂದೆ ಈ ಎಡೆದೊರೆನಾಡನ್ನು ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅವರ ರಾಜಧಾನಿ. ಅಲ್ಲಿ ಕುಳಿತು ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅದರ 100 ಅಧ್ಯಾಯಗಳಲ್ಲಿ ಮಲ್ಲವಿನೋದಕ್ಕೇ ಒಂದು ಅಧ್ಯಾಯವಿದೆ. ಆಯುಧ ಹಿಡಿದು ಪಣದ ಕಾಳಗ ಮಾಡುವವರದು ಬೇರೆಯೇ, ಅದು ಅಂಕವಿನೋದ. ಮಲ್ಲರನ್ನು ಸೋಮೇಶ್ವರ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆ ಮಾಡುತ್ತಾನೆ. ವಯಸ್ಸು, ಮೈಕಟ್ಟು, ಬಲ, ಪಟ್ಟುಗಳ ಅರಿವು, ದಮ್ಮು ಎಲ್ಲವನ್ನೂ ತೂಗಿ ನೋಡಬೇಕೆನ್ನುತ್ತಾನೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಯ ಊಟ ಅರಮನೆಯಿಂದಲೇ ಹೋಗಬೇಕು. ದಿನಕ್ಕಿಷ್ಟು ಎಂದು ಸಾಮು ನಡೆಯಬೇಕು. ರಾಜ ನೋಡುಗನಾಗಿದ್ದ, ಯಜಮಾನನೂ ಆಗಿದ್ದ. ದುಡ್ಡು ಅವನದೇ, ತೂಕದ ತಕ್ಕಡಿಯೂ ಅವನ ಕೈಯಲ್ಲೇ. ಜೋಡಿ ಸರಿಯಿಲ್ಲದಿದ್ದರೆ ಕೆಡುವುದು ಅವನ ವಿನೋದವೇ ಆದ್ದರಿಂದ ತಕ್ಕಡಿಯನ್ನು ತಪ್ಪಾಗಿ ಹಿಡಿಯಲು ಅವನಿಗೆ ಕಾರಣವಿರಲಿಲ್ಲ.

ಹಾಗೆಂದು ಅರಮನೆಯ ಆಶ್ರಯವನ್ನು ಹೊಗಳಿ ಕೂರಲಾರೆ. ಪಯೇಸನ ಬರಹದಲ್ಲೇ ಅದರ ಇನ್ನೊಂದು ಮುಖವಿದೆ. ಅದೇ ಅಂಗಳದಲ್ಲಿ ಕುಣಿದ ನರ್ತಕಿಯರ ಮೈಮೇಲಿನ ಚಿನ್ನ, ವಜ್ರ, ಮುತ್ತುಗಳನ್ನು ಎಣಿಸಲಾಗದೆ ಅವನು ಸೋಲುತ್ತಾನೆ. ಭೂಮಿ, ಪಲ್ಲಕ್ಕಿ, ದಾಸಿಯರನ್ನು ಉಂಬಳಿಯಾಗಿ ಪಡೆದವರು ಅವರಲ್ಲಿದ್ದರು. ಒಬ್ಬಾಕೆಯ ಬಳಿ ಲಕ್ಷ ವರಹವಿದೆಯೆಂದು ಊರು ಮಾತಾಡುತ್ತಿತ್ತು, ತನ್ನ ಕಣ್ಣಿಗೆ ಬಿದ್ದದ್ದನ್ನು ನೋಡಿದರೆ ಅದು ನಿಜವೇ ಇರಬೇಕು ಎನ್ನುತ್ತಾನೆ. ಹಲ್ಲು ಕಳೆದುಕೊಂಡ ಜಟ್ಟಿಗೆ ಒಂದು ರೇಷ್ಮೆ ವಸ್ತ್ರ. ಕಣ್ಣಿಗೆ ಹಬ್ಬವಾಗುವವರ ಗಳಿಕೆಗೂ ಮೈ ಒಡ್ಡುವವರ ಗಳಿಕೆಗೂ ಇರುವ ದೂರ ಅಂದೂ ಇತ್ತು. ಆ ಸಾವಿರ ಜಟ್ಟಿಗಳಲ್ಲಿ ಒಬ್ಬನ ಹೆಸರನ್ನೂ ಇಬ್ಬರು ಪೋರ್ಚುಗೀಸರೂ ಬರೆಯಲಿಲ್ಲ. ಕುದುರೆ ಎಷ್ಟು, ಆನೆ ಎಷ್ಟು ಎಂದು ಮಾತ್ರ ಕರಾರುವಾಕ್ಕಾಗಿ ಬರೆದರು.

1565ರಲ್ಲಿ ವಿಜಯನಗರ ಬಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದೇ ಮಾದರಿಯ ನವರಾತ್ರಿ ಆರಂಭಿಸಿದಾಗ ಜಟ್ಟಿಗಳ ಕಾಳಗಕ್ಕೂ ಅಲ್ಲಿ ಜಾಗ ಸಿಕ್ಕಿತು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕ ಈ ಜಟ್ಟಿಗಳನ್ನು ಕಂಡು ಬರೆದಿದ್ದಾನೆ. 1799ರ ಮುತ್ತಿಗೆಯ ವೇಳೆ ಸೆರೆಸಿಕ್ಕ ಬ್ರಿಟಿಷ್ ಸಿಪಾಯಿಗಳನ್ನು ಕೊಲ್ಲಲು ಜಟ್ಟಿಗಳನ್ನು ಬಳಸಲಾಯಿತೆಂದು ಬ್ರಿಟಿಷರ ಬರಹಗಳು ಹೇಳುತ್ತವೆ. ಅನ್ನ ಹಾಕುವ ಕೈಗೆ ಮುಷ್ಟಿಯನ್ನು ಪೂರ್ತಿ ಒಪ್ಪಿಸಿದರೆ ಆ ಮುಷ್ಟಿ ಎಲ್ಲಿಗೆ ಹೋದೀತು ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷಿ ಬೇಕಿಲ್ಲ.

ಇಂದಿಗೂ ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣದ ಜಟ್ಟಿ ಮನೆತನಗಳವರು ತಲೆ ಬೋಳಿಸಿಕೊಂಡು ಎರಡು ಜೋಡಿಯಾಗಿ ಇಳಿಯುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಕೆಲವೇ ಕ್ಷಣ. ಅಲ್ಲಿ ಮಾರಾಟವಿಲ್ಲ, ಪೈಪೋಟಿಯೂ ಹೆಚ್ಚಿಲ್ಲ, ಅದೀಗ ಸೇವೆ. ಮುಷ್ಟಿಯನ್ನು ವೃತ್ತಿ ಮಾಡಿಕೊಂಡ ಜಗತ್ತು ಅಷ್ಟರಲ್ಲಿ ಬೇರೆ ಕಡೆ ಬೆಳೆದಿತ್ತು.

ಅಲ್ಲಿ ರಾಜನ ಜಾಗಕ್ಕೆ ಬಂದವನು ಪಂದ್ಯ ಏರ್ಪಡಿಸಿ ಟಿಕೆಟ್ ಮಾರುವ ಪ್ರಮೋಟರ್. ಟೆಕ್ಸ್ ರಿಕಾರ್ಡ್ ಅವರಲ್ಲೆಲ್ಲ ಚಾಣಾಕ್ಷ. 1921ರ ಜುಲೈ 2ರಂದು ಅಮೆರಿಕದ ಜರ್ಸಿ ಸಿಟಿಯಲ್ಲಿ ಅವನು ಜ್ಯಾಕ್ ಡೆಂಪ್ಸಿ ಮತ್ತು ಫ್ರಾನ್ಸಿನ ಜಾರ್ಜ್ ಕಾರ್ಪೆಂಟಿಯರರನ್ನು ಎದುರುಬದುರು ನಿಲ್ಲಿಸಿದ. ಡೆಂಪ್ಸಿ ಮಹಾಯುದ್ಧಕ್ಕೆ ಹೋಗದೆ ತಪ್ಪಿಸಿಕೊಂಡವನೆಂದು ಜನ ಬೈಯುತ್ತಿದ್ದವನು, ಕಾರ್ಪೆಂಟಿಯರ್ ಯುದ್ಧವೀರ, ಸುಂದರಾಂಗ. 80,000 ಮಂದಿ ಬಂದರು; 17 ಲಕ್ಷ ಡಾಲರಿಗೂ ಹೆಚ್ಚು ಟಿಕೆಟ್ ಹಣ ಬಿತ್ತು. ಹತ್ತು ಲಕ್ಷ ದಾಟಿದ ಮೊದಲ ಪಂದ್ಯ ಅದು. ಆದರೆ ಜೋಡಿ? ಕಾರ್ಪೆಂಟಿಯರ್ ಕೆಳಗಿನ ತೂಕದವನು. ನಾಲ್ಕನೇ ಸುತ್ತಿನಲ್ಲಿ ಮಲಗಿದ. ಡೆಂಪ್ಸಿಗೆ ನಿಜವಾದ ಎದುರಾಳಿಯಾಗಬಹುದಾಗಿದ್ದ ಹ್ಯಾರಿ ವಿಲ್ಸ್ ಎಂಬ ಕರಿಯ ಬಾಕ್ಸರ್ ವರ್ಷಗಟ್ಟಲೆ ಕಾದ, ಅವನಿಗೆ ಆ ಅವಕಾಶ ಬರಲೇ ಇಲ್ಲ.

ಇನ್ನೊಬ್ಬ ಕರಿಯ ಬಾಕ್ಸರ್ ಸ್ಯಾಮ್ ಲ್ಯಾಂಗ್‌ಫರ್ಡನ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1906ರಲ್ಲಿ ಜ್ಯಾಕ್ ಜಾನ್ಸನ್ ಅವನನ್ನು ಸೋಲಿಸಿದ್ದ. ಮುಂದೆ ಜಾನ್ಸನ್ ವಿಶ್ವ ಚಾಂಪಿಯನ್ ಆದ ಮೇಲೆ ಲ್ಯಾಂಗ್‌ಫರ್ಡನಿಗೆ ಎರಡನೆಯ ಅವಕಾಶ ಕೊಡಲಿಲ್ಲ. ಇಬ್ಬರು ಕರಿಯರ ಪಂದ್ಯಕ್ಕೆ ಟಿಕೆಟ್ ಮಾರಾಟವಾಗದು ಎಂಬ ಲೆಕ್ಕವೂ ಅದರಲ್ಲಿತ್ತು. ತನ್ನ ಕಾಲದ ಅತಿ ದೊಡ್ಡ ಮುಷ್ಟಿಯೋಧರಲ್ಲಿ ಒಬ್ಬನೆಂದು ಬಲ್ಲವರೆಲ್ಲ ಒಪ್ಪುವ ಆ ಮನುಷ್ಯ ಒಮ್ಮೆಯೂ ಹೆವಿವೇಟ್ ವಿಶ್ವ ಪದವಿಗಾಗಿ ಕಾದಲಿಲ್ಲ. 1944ರಲ್ಲಿ ಪತ್ರಕರ್ತನೊಬ್ಬ ಹುಡುಕಿಕೊಂಡು ಹೋದಾಗ ಅವನು ನ್ಯೂಯಾರ್ಕಿನ ಹಾರ್ಲೆಮ್ಮಿನ ಕೋಣೆಯೊಂದರಲ್ಲಿ ಕುರುಡನಾಗಿ, ಕಾಸಿಲ್ಲದೆ ಕೂತಿದ್ದ. ಲೇಖನ ಅಚ್ಚಾದ ಮೇಲೆ ಜನ ದುಡ್ಡು ಕೂಡಿಸಿ ಕೊಟ್ಟರು. ಬಾಕ್ಸರ್ ಚಾರ್ಲಿ ಬರ್ಲಿಯೂ ಹಾಗೆಯೇ. ಹೆಸರಾಂತರೆಲ್ಲ ಅವನನ್ನು ತಪ್ಪಿಸಿಕೊಂಡು ಓಡಾಡಿದರು; ಅವನು ಪಿಟ್ಸ್‌ಬರ್ಗಿನಲ್ಲಿ ಕಸ ಎತ್ತುವ ಕೆಲಸ ಮಾಡಿ ಬದುಕಿದ.

ದುಡ್ಡೂ ದೊಡ್ಡತನವೂ ಕೂಡಿ ಬಂದ ದಿನಗಳೂ ಇವೆ. 1971ರ ಮಾರ್ಚ್ 8. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮೊಹಮ್ಮದ್ ಅಲಿ, ಜೋ ಫ್ರೇಜಿಯರ್. ಇಬ್ಬರೂ ಅಂದಿನವರೆಗೆ ಸೋಲು ಕಂಡವರಲ್ಲ. ತಲಾ 25 ಲಕ್ಷ ಡಾಲರ್ ಸಂಭಾವನೆ, ಆ ಕಾಲಕ್ಕೆ ಕೇಳರಿಯದ ಮೊತ್ತ. ಜನರನ್ನು ಕೆರಳಿಸಿ ಟಿಕೆಟ್ ಮಾರುವ ವಿದ್ಯೆಯನ್ನು ಅಲಿ ಹುಡುಗನಾಗಿದ್ದಾಗಲೇ ಕಲಿತಿದ್ದ. 1961ರಲ್ಲಿ ಗಾರ್ಜಿಯಸ್ ಜಾರ್ಜ್ ಎಂಬ ವೇಷಗಾರ ಕುಸ್ತಿಪಟುವಿನ ಅಬ್ಬರ ಕಂಡು ಕಲಿತದ್ದು. ಆದರೆ ಹದಿನೈದು ಸುತ್ತುಗಳ ಆ ರಾತ್ರಿ ಬಾಯಿಮಾತಿಗೆ ಬೆಲೆಯಿರಲಿಲ್ಲ. ಕೊನೆಯ ಸುತ್ತಿನಲ್ಲಿ ಬೆನ್ನಡಿಯಾಗಿ ಬಿದ್ದ ಅಲಿ ಎದ್ದು ನಿಂತ. ಗೆದ್ದ ಫ್ರೇಜಿಯರ್ ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. ವಿಜಯನಗರದ ನಿಯಮದಂತೆ ರೇಷ್ಮೆ ಯಾರಿಗೆ ಹೋಗಬೇಕಿತ್ತೆಂದು ತೀರ್ಪುಗಾರರು ಬಹಳ ಹೊತ್ತು ಯೋಚಿಸಬೇಕಾಗುತ್ತಿತ್ತು.

2015ರ ಮೇ 2ರಂದು ಲಾಸ್ ವೇಗಸ್ಸಿನಲ್ಲಿ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪ್ಯಾಕಿಯಾವೊ ಎದುರಾದಾಗ 46 ಲಕ್ಷ ಮನೆಗಳು ದುಡ್ಡು ಕೊಟ್ಟು ನೋಡಿದವು. ಗಳಿಕೆಯಲ್ಲಿ ಅದು ಹಿಂದಿನದೆಲ್ಲವನ್ನೂ ಮೀರಿಸಿತು. ಆ ಜೋಡಿಯ ಮಾತುಕತೆ ಶುರುವಾದದ್ದು 2009ರಲ್ಲಿ. ಕಣಕ್ಕಿಳಿದಾಗ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಇಬ್ಬರೂ ಉತ್ತುಂಗದಲ್ಲಿದ್ದ ಐದು ವರ್ಷ ಒಪ್ಪಂದದ ಕಾಗದಗಳಲ್ಲಿ ಕಳೆದುಹೋಯಿತು. ಮೇವೆದರ್ ದೊಡ್ಡ ಕುಶಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದು ಮಾರಾಟವಾದದ್ದು ಕಾಯಿಸಿದ ಕಾಯುವಿಕೆ.

ನಮ್ಮವರಲ್ಲಿ ಸರಿಜೋಡಿಯ ಈ ತಕರಾರಿಗೆ ಸಿಕ್ಕವನು ಕುಸ್ತಿಪಟು ಗಾಮಾ. 1910ರಲ್ಲಿ ಲಂಡನ್ನಿಗೆ ಹೋದಾಗ ಎತ್ತರ ಸಾಲದೆಂದು ಅವನನ್ನು ದೊಡ್ಡ ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಅವನು ಬಹಿರಂಗ ಸವಾಲು ಹಾಕಿ ಜೋಡಿಯನ್ನು ತಾನೇ ಕರೆದುಕೊಂಡ. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜಬಿಸ್ಕೊ ಎದುರಿಗೆ ಬಂದ. ಆದರೆ ಎರಡೂವರೆ ಗಂಟೆ ನೆಲಕ್ಕೆ ಕವುಚಿ ಅಂಟಿಕೊಂಡೇ ಉಳಿದ. ಟಿಕೆಟ್ ಕೊಂಡವರಿಗೆ ಬೇಸರ ಹಿಡಿಯಿತು. ಮುಂದಿನ ಶನಿವಾರ ಮತ್ತೆ ಕುಸ್ತಿಯೆಂದು ಗೊತ್ತಾಗಿತ್ತು, ಜಬಿಸ್ಕೊ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಮಹಾರಾಜ ಜೋಡಿ ಕಟ್ಟಿಸಿದಾಗ ಗಾಮಾ ಅವನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ. ಅದನ್ನು ನೋಡಲು ಊರಿಗೆ ಊರೇ ನೆರೆದಿತ್ತು.

ರಾಯಚೂರಿನ ಮಾತಿಗೆ ಮರಳುತ್ತೇನೆ. ವಿಜಯನಗರ, ಬಿಜಾಪುರ, ಮೊಗಲರು, ನಿಜಾಮರು, 1853ರಿಂದ 1860ರವರೆಗೆ ಬ್ರಿಟಿಷರು, ಮತ್ತೆ ನಿಜಾಮರು, 1956ರಲ್ಲಿ ಕನ್ನಡ ರಾಜ್ಯ: ಇಷ್ಟು ಯಜಮಾನರು ಬದಲಾದರೂ ಇಲ್ಲಿನ ಗರಡಿಯ ಮಣ್ಣು ಆರಲಿಲ್ಲ. ಪ್ರತಿ ವರ್ಷ ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುತ್ತವೆ. ಆಂಧ್ರ, ತೆಲಂಗಾಣದಿಂದಲೂ ಜೋಡೆತ್ತುಗಳು ಬರುತ್ತವೆ. ಸಂಗ್ರಾಣಿ ಕಲ್ಲು ಎತ್ತುವವರು, ಉಸುಕಿನ ಚೀಲ ಹೊತ್ತು ಓಡುವವರು, ಕುಸ್ತಿ ಆಡುವವರು ಒಂದೇ ಮೈದಾನದಲ್ಲಿ ಸೇರುತ್ತಾರೆ. ಮುಂಗಾರಿನ ಮೊದಲ ಮಳೆಗೂ ಬಿತ್ತನೆಗೂ ನಡುವಿನ ಬಿಡುವಿನಲ್ಲಿ ರೈತ ತನ್ನ ಎತ್ತಿನ ಬಲವನ್ನೂ ತನ್ನ ಮಗನ ಬಲವನ್ನೂ ಊರಿಗೆ ತೋರಿಸುವ ಹೊತ್ತು ಅದು.

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳ ಜಾತ್ರೆ, ಉರುಸುಗಳ ಕುಸ್ತಿಯಲ್ಲಿ ಟಿಕೆಟ್ ಇರುವುದಿಲ್ಲ. ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ. ಗೆದ್ದವನಿಗೆ ಒಂದು ಕಾಯಿ. ಹೊತ್ತು ಏರಿದಂತೆ ಪಣ ಏರುತ್ತದೆ, ಕಟ್ಟಕಡೆಗೆ ಬೆಳ್ಳಿ ಕಡಗ. ಹಲಗಿಯ ಸದ್ದಿಗೆ ಪೈಲ್ವಾನ ಕೈ ಮೇಲೆತ್ತಿ ಅಖಾಡ ಸುತ್ತುತ್ತಾನೆ, ಜೋಡಿ ಬೇಕೆಂದು. ಯಾರಾದರೂ ಎದ್ದು ಬಂದರೆ ಊರ ಹಿರಿಯರು, ಹಳೆಯ ಪೈಲ್ವಾನರು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಭುಜ ಮುಟ್ಟಿ, ತೋಳು ಹಿಡಿದು, ವಯಸ್ಸು ಕೇಳಿ ನೋಡುತ್ತಾರೆ. ಒಂದು ಕೈ ಹೆಚ್ಚು ಕಡಿಮೆ ಕಂಡರೆ ಸುತ್ತ ಕೂತವರೇ ಬಿಡುವುದಿಲ್ಲ: “ಜೋಡಿ ಸರಿ ಇಲ್ರಿ, ಬಿಡಸ್ರಿ!” ಹಿರಿಯರು ಬಿಡಿಸುತ್ತಾರೆ, ಹುಡುಗ ಮತ್ತೆ ಕೈಯೆತ್ತಿ ಸುತ್ತು ಹಾಕುತ್ತಾನೆ. ಸರಿಯಾದ ಜೋಡಿ ಬಿದ್ದು ಕುಸ್ತಿ ಕಾವೇರಿದಾಗ ಕೂತವರೇ ಒಬ್ಬೊಬ್ಬರಾಗಿ ಎದ್ದು ಜೇಬಿಗೆ ಕೈ ಹಾಕುತ್ತಾರೆ. ಹೆಸರು ಹೇಳಿ, ಊರು ಹೇಳಿ, ತಮ್ಮ ಕಡೆಯಿಂದ ಇಷ್ಟು ರೂಪಾಯಿ ಎಂದು ಕೂಗಿಸುತ್ತಾರೆ. ಚಿತ್ ಆದವನು ಮಣ್ಣು ಕೊಡವಿಕೊಂಡು ಎದ್ದಾಗ ಅವನ ಕೈಗೂ ನೋಟು ತುರುಕುವವರಿದ್ದಾರೆ.